ನೂರು ವರ್ಷದ ಕಾರು ಕಲಿಸುವ ಪಾಠ

ಧರ್ಮಸ್ಥಳಕ್ಕೆ ಶಾಲಾ ಪ್ರವಾಸ ಹೋದ ಮಕ್ಕಳು ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯವನ್ನು ನೋಡದೆ ಹಿಂತಿರುಗುವುದು ಕಡಿಮೆ. ಸಾಲಾಗಿ ನಿಂತ ಹಳೆಯ ಕಾರುಗಳ ಮುಂದೆ ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ: ‘ಸಾರ್, ಇದು ಈಗಲೂ ಓಡುತ್ತಾ?’

ಪ್ರಶ್ನೆ ಚಿಕ್ಕದು. ಉತ್ತರ ಮಾತ್ರ ಅಷ್ಟು ಚಿಕ್ಕದಲ್ಲ. ಹಳೆಯ ಕಾರನ್ನು ಒರೆಸಿ, ಹೊಳಪು ಕೊಟ್ಟು ನಿಲ್ಲಿಸುವುದು ಒಂದು ಕೆಲಸ. ಅದನ್ನು ಹತ್ತಿ ಸಂತೆಗೆ ಹೋಗಿ ಬರುವುದು, ಕೆಟ್ಟರೆ ರಿಪೇರಿ ಮಾಡುವುದು, ಸಾಲದ್ದಕ್ಕೆ ಸ್ಪರ್ಧೆಗೂ ಇಳಿಸುವುದು ಬೇರೆಯೇ ಕೆಲಸ. ಈ ಎರಡನೆಯ ಕೆಲಸವನ್ನು ಹವ್ಯಾಸವಾಗಿ ಮಾಡಿಕೊಂಡವರು ಪ್ರಪಂಚದ ಹಲವು ಕಡೆ ಇದ್ದಾರೆ. ಅವರಿಗೆ ಹಣ ಬೇಕು, ನಿಜ. ಆದರೆ ಹಣಕ್ಕಿಂತ ಹೆಚ್ಚಾಗಿ ಬೇಕಾಗುವುದು ಹೈಸ್ಕೂಲಿನ ವಿಜ್ಞಾನ!

ಹಳೆಯ ಕಾರುಗಳನ್ನೆಲ್ಲ ನಾವು ‘ವಿಂಟೇಜ್’ ಎಂದು ಕರೆದುಬಿಡುತ್ತೇವೆ. ಇಂಗ್ಲೆಂಡಿನಲ್ಲಿ ಈ ಮಾತಿಗೆ ಖಚಿತವಾದ ಗಡಿ ಇದೆ. ಅಲ್ಲಿ 1934ರಲ್ಲಿ ಸ್ಥಾಪನೆಯಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಲೆಕ್ಕದಲ್ಲಿ 1930ರ ಕೊನೆಯವರೆಗೆ ತಯಾರಾದ ಕಾರು ಮಾತ್ರ ವಿಂಟೇಜ್. ಆ ಕಾಲದ ಕಾರುಗಳಲ್ಲಿ ಜನಸಾಮಾನ್ಯರಿಗೆ ಎಟುಕಿದ, ಇಂದಿಗೂ ಬ್ರಿಟನ್ನಿನ ರಸ್ತೆಗಳಲ್ಲಿ ಕಾಣಸಿಗುವ ಒಂದು ಪುಟ್ಟ ಕಾರು ಆಸ್ಟಿನ್ ಸೆವೆನ್. ನೂರು ವರ್ಷ ದಾಟಿದ ಈ ಕಾರಿನ ಕಥೆಯನ್ನೇ ನೋಡೋಣ.

ಹದಿನೆಂಟರ ಹುಡುಗ ಬರೆದ ನಕ್ಷೆ

1921ರಲ್ಲಿ ಹರ್ಬರ್ಟ್ ಆಸ್ಟಿನ್ ಅವರ ಕಂಪನಿ ಸಾಲದಲ್ಲಿ ಮುಳುಗಿತ್ತು. ದೊಡ್ಡ ಕಾರುಗಳನ್ನು ಕೊಳ್ಳುವವರಿರಲಿಲ್ಲ. ಬಡವರ ಬೈಸಿಕಲ್ಲಿಗೂ ಶ್ರೀಮಂತರ ಮೋಟಾರಿಗೂ ನಡುವೆ ಒಂದು ಪುಟ್ಟ ಕಾರು ಬೇಕು ಎಂಬುದು ಆಸ್ಟಿನ್ ಅವರ ಯೋಚನೆ. ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಆಸ್ಟಿನ್ ಹಟ ಬಿಡಲಿಲ್ಲ. ಕಾರ್ಖಾನೆಯ ನಕ್ಷೆ ವಿಭಾಗದಲ್ಲಿದ್ದ ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ಹುಡುಗನನ್ನು ತಮ್ಮ ಮನೆಗೇ ಕರೆಸಿಕೊಂಡು, ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿ ಕಾರಿನ ನಕ್ಷೆ ಬರೆಸಿದರು. 1922ರಲ್ಲಿ ಕಾರು ಹೊರಬಂತು. ಆಗಿನ ತೆರಿಗೆ ಲೆಕ್ಕದ ಅಶ್ವಶಕ್ತಿಯಿಂದ ಅದಕ್ಕೆ ‘ಸೆವೆನ್’ ಎಂಬ ಹೆಸರು ಬಂತು. 1939ರವರೆಗೆ ಸುಮಾರು 2 ಲಕ್ಷ 90 ಸಾವಿರ ಕಾರುಗಳು ತಯಾರಾದವು. ಜರ್ಮನಿಯ ಡಿಕ್ಸಿ ಕಂಪನಿ ಪರವಾನಗಿ ಪಡೆದು ಇದನ್ನೇ ತಯಾರಿಸತೊಡಗಿತು. 1928ರಲ್ಲಿ ಆ ಕಂಪನಿಯನ್ನು ಬಿ.ಎಂ.ಡಬ್ಲ್ಯು. ಕೊಂಡುಕೊಂಡಿತು. ಹೀಗೆ ಇಂದು ಕೋಟಿಗಟ್ಟಲೆ ಬೆಲೆಯ ಕಾರು ಮಾರುವ ಬಿ.ಎಂ.ಡಬ್ಲ್ಯು.ವಿನ ಮೊದಲ ಕಾರು ಕೂಡ ಈ ಪುಟ್ಟ ಆಸ್ಟಿನ್ನಿನ ಪ್ರತಿರೂಪವೇ!

ಆರಂಭದ ಕಾರಿನ ತೂಕ ಕೇವಲ 360 ಕಿಲೋಗ್ರಾಂನಷ್ಟು. ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಒಂದೊಂದರ ವ್ಯಾಸ 5.588 ಸೆಂಟಿಮೀಟರ್, ಪಿಸ್ಟನ್ ಚಲಿಸುವ ದೂರ 7.62 ಸೆಂಟಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ಗೊತ್ತಿರುವ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ವ್ಯಾಸದ ಅರ್ಧದ ವರ್ಗವನ್ನು ಪೈ ಬೆಲೆಯಿಂದಲೂ ಎತ್ತರದಿಂದಲೂ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ 747 ಸಿ.ಸಿ.ಗಿಂತ ತುಸು ಹೆಚ್ಚು ಸಿಗುತ್ತದೆ.

ನಮ್ಮ ರಸ್ತೆಗಳನ್ನು ಒಂದು ಕಾಲದಲ್ಲಿ ತುಂಬಿದ್ದ ಮಾರುತಿ 800 ಕಾರಿನದು 796 ಸಿ.ಸಿ. ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಮಾರುತಿಯ ಶಕ್ತಿ 37 ಅಶ್ವಶಕ್ತಿಯ ಆಸುಪಾಸು, ಆಸ್ಟಿನ್ನಿನದು ಬರೀ ಹತ್ತರ ಆಸುಪಾಸು! ಏಕೆ? ಆಸ್ಟಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಸುಮಾರು ಐದನೆಯ ಒಂದು ಭಾಗಕ್ಕೆ ಮಾತ್ರ ಅದುಮುತ್ತಾರೆ. ಮಾರುತಿಯಲ್ಲಿ ಎಂಟನೆಯ ಒಂದು ಭಾಗಕ್ಕಿಂತಲೂ ಕಡಿಮೆಗೆ ಅದುಮುತ್ತಾರೆ. ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ. ಆಸ್ಟಿನ್ ನಿಮಿಷಕ್ಕೆ ಸುಮಾರು 2,400 ಸುತ್ತಿಗೆ ತನ್ನ ಪೂರ್ಣ ಶಕ್ತಿ ಕೊಡುತ್ತದೆ. ಮಾರುತಿ ಅದರ ಎರಡರಷ್ಟು ವೇಗವಾಗಿ ಸುತ್ತುತ್ತದೆ. ಗಾತ್ರ ಒಂದೇ ಆದರೂ ದುಡಿಮೆ ಒಂದೇ ಆಗಬೇಕೆಂದಿಲ್ಲ.

ಹತ್ತಿ ಕೂತರೆ ಸಾಲದು

ಇಂದಿನ ಕಾರಿನಲ್ಲಿ ಕೀಲಿ ತಿರುವಿದರೆ ಅಥವಾ ಗುಂಡಿ ಒತ್ತಿದರೆ ಸಾಕು. ಹಳೆಯ ಆಸ್ಟಿನ್ನಿನ ಚಾಲಕ ಮೊದಲು ಎಂಜಿನ್ನಿನ ಮನಸ್ಸು ತಿಳಿಯಬೇಕು. ಪೆಟ್ರೋಲ್ ಟ್ಯಾಂಕು ಎಂಜಿನ್ನಿನ ಹಿಂದೆಯೇ, ತುಸು ಎತ್ತರದಲ್ಲಿದೆ. ಪಂಪು ಇಲ್ಲ. ಗುರುತ್ವದಿಂದಲೇ ಪೆಟ್ರೋಲ್ ಕೆಳಗಿಳಿಯುತ್ತದೆ. ಕಿಡಿ ಯಾವಾಗ ಹಾರಬೇಕೆಂಬುದನ್ನು ಸ್ಟಿಯರಿಂಗ್ ಚಕ್ರದ ಬಳಿಯ ಪುಟ್ಟ ಸನ್ನೆಯಿಂದ ಚಾಲಕನೇ ನಿರ್ಧರಿಸಬೇಕು. ಬ್ಯಾಟರಿ ಕೈಕೊಟ್ಟರೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕು. ನಮ್ಮ ಹಳೆಯ ಲಾರಿಗಳನ್ನು ಹಾಗೆ ಎಬ್ಬಿಸುತ್ತಿದ್ದುದನ್ನು ಕಂಡವರು ಹಿರಿಯರಲ್ಲಿ ಇನ್ನೂ ಇದ್ದಾರೆ.

ಇಲ್ಲೊಂದು ಅಪಾಯವಿದೆ. ಎಂಜಿನ್ ನಿಧಾನ ತಿರುಗುವಾಗ ಕಿಡಿ ಬೇಗ ಹಾರಿದರೆ, ಮೇಲೇರುತ್ತಿರುವ ಪಿಸ್ಟನ್ನನ್ನು ಉರಿದ ಅನಿಲ ಕೆಳಕ್ಕೆ ನೂಕುತ್ತದೆ. ಎಂಜಿನ್ ಹಿಂದಕ್ಕೆ ತಿರುಗಿ ಹ್ಯಾಂಡಲ್ ಒದೆಯುತ್ತದೆ. ಮಣಿಕಟ್ಟು ಮುರಿಯಲು ಅಷ್ಟು ಸಾಕು. ಆದ್ದರಿಂದ ಮೊದಲು ಕಿಡಿಯನ್ನು ತಡಮಾಡಿಕೊಳ್ಳಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯದೆ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು. ಒದೆ ಬಿದ್ದರೂ ಹ್ಯಾಂಡಲ್ ಅಂಗೈಯಿಂದ ಜಾರಿಹೋಗಲಿ ಎಂದು.

ಕಾರು ಹೊರಟ ಮೇಲೆ ಗಿಯರ್ ಪರೀಕ್ಷೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಹಲ್ಲಿನ ಚಕ್ರಗಳನ್ನು ಕೂಡಿಸಲು ಹೋದರೆ ಕರ್ರೆಂಬ ಸದ್ದು ಬರುತ್ತದೆ, ಹಲ್ಲು ಸವೆಯುತ್ತದೆ. ಇಂದಿನ ಗಿಯರ್ ಪೆಟ್ಟಿಗೆಯೊಳಗಿನ ಸಾಧನವೇ ಎರಡರ ವೇಗವನ್ನೂ ಸರಿಹೊಂದಿಸುತ್ತದೆ. ಮೊದಲ ಆಸ್ಟಿನ್‌ಗಳಲ್ಲಿ ಅದಿರಲಿಲ್ಲ. ಓಡುವ ಬಸ್ಸನ್ನು ಹತ್ತುವವನು (ಹತ್ತಬಾರದು, ಆ ಮಾತು ಬೇರೆ!) ಬಸ್ಸಿನಷ್ಟೇ ವೇಗದಲ್ಲಿ ನಾಲ್ಕು ಹೆಜ್ಜೆ ಓಡುತ್ತಾನಲ್ಲವೆ? ಇಲ್ಲಿಯೂ ಹಾಗೆಯೇ. ಕೆಳಗಿನ ಗಿಯರಿಗೆ ಬರುವಾಗ ಕ್ಲಚ್ ಒತ್ತಿ ನ್ಯೂಟ್ರಲಿಗೆ ತರಬೇಕು. ಕ್ಲಚ್ ಬಿಟ್ಟು ಆಕ್ಸಿಲರೇಟರ್ ತುಳಿದು ಎಂಜಿನ್ನಿನ ವೇಗ ಏರಿಸಬೇಕು. ಮತ್ತೆ ಕ್ಲಚ್ ಒತ್ತಿ ಗಿಯರ್ ಹಾಕಬೇಕು. ವೇಗ ಹೊಂದಿತೇ ಇಲ್ಲವೇ ಎಂದು ಹೇಳುವ ಮೀಟರು ಚಾಲಕನ ಕಿವಿ!

ಬ್ರೇಕು ಇನ್ನೂ ವಿಚಿತ್ರ. ಆರಂಭದಿಂದಲೇ ನಾಲ್ಕೂ ಚಕ್ರಗಳಿಗೆ ಬ್ರೇಕು ಇದ್ದುದು ಆ ಕಾಲಕ್ಕೆ ಹೆಗ್ಗಳಿಕೆಯೇ. ಆದರೆ ಕಾಲಿನ ಪೆಡಲು ಹಿಂದಿನ ಚಕ್ರಗಳಿಗೆ, ಕೈಯ ಸನ್ನೆ ಮುಂದಿನ ಚಕ್ರಗಳಿಗೆ. ಎರಡನ್ನೂ ಒಂದೇ ಪೆಡಲಿಗೆ ಜೋಡಿಸಿದ್ದು 1930ರಲ್ಲಿ. ಒತ್ತಡವನ್ನು ಒಯ್ಯುವುದು ಎಣ್ಣೆಯಲ್ಲ, ಸೈಕಲ್ಲಿನಲ್ಲಿರುವಂಥ ತಂತಿ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ ಎಂಬ ಪಾಠ ಎಲ್ಲರೂ ಓದಿದ್ದೇ. ಗಂಟೆಗೆ 30 ಕಿಲೋಮೀಟರಿನಲ್ಲಿ ಸಾಕೆನಿಸಿದ ಬ್ರೇಕು 60ರಲ್ಲಿ ನಾಲ್ಕರಷ್ಟು ಶಕ್ತಿಯನ್ನು ಶಾಖವಾಗಿಸಬೇಕು. ಆದ್ದರಿಂದ ಹಳೆಯ ಕಾರಿನ ಒಳ್ಳೆಯ ಚಾಲಕ ಬ್ರೇಕನ್ನು ನಂಬಿ ಓಡಿಸುವುದಿಲ್ಲ. ಮುಂದಿನ ತಿರುವಿನಲ್ಲಿ ಏನಿರಬಹುದೆಂದು ಯೋಚಿಸಿ ಓಡಿಸುತ್ತಾನೆ.

ನಿಂತರೆ ಕೆಡುತ್ತದೆ

ಹಳೆಯ ವಸ್ತುವನ್ನು ಬಳಸದೆ ಇಟ್ಟರೆ ಬಾಳಿಕೆ ಹೆಚ್ಚು ಎಂದು ಹಲವರ ನಂಬಿಕೆ. ಸೀರೆಗೆ, ಒಡವೆಗೆ ಅದು ಸರಿ ಇರಬಹುದು. ಕಾರಿಗೆ ಸರಿಯಲ್ಲ. ನಿಂತ ಕಾರಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ. ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಗಟ್ಟಿ ಪದರ ಕೂರುತ್ತದೆ. ರಬ್ಬರು ಬಿರಿಯುತ್ತದೆ. ಸಿಲಿಂಡರಿನ ಗೋಡೆಯಿಂದ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ.

ಹಾಗಾದರೆ ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರಾಯಿತಲ್ಲ? ಅದು ಇನ್ನೂ ಕೆಟ್ಟದ್ದು! ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಕ್ಸಿಜನ್ನಿನ ಜೊತೆ ಸೇರಿ ನೀರಾಗುತ್ತದೆ. 1 ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚು ಕಡಿಮೆ 1 ಲೀಟರಿನಷ್ಟೇ ನೀರು ಹುಟ್ಟುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಅದು ಆವಿಯಾಗಿ ಹೊರಹೋಗುತ್ತದೆ. ತಣ್ಣಗಿದ್ದರೆ ಒಂದಷ್ಟು ಒಳಗೇ ಹನಿಗಟ್ಟಿ ಆಯಿಲಿಗೂ ಸೈಲೆನ್ಸರಿಗೂ ಸೇರುತ್ತದೆ. ಆದ್ದರಿಂದ ಕಾರನ್ನು ಹೊರತೆಗೆದ ಮೇಲೆ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿಯೇ ತರಬೇಕು. ದಿನವೂ ಬಳಸುವ ಹಳೆಯ ಕಾರು ಬೀರುವಿನಲ್ಲಿಟ್ಟಂತೆ ಇಟ್ಟ ಕಾರಿಗಿಂತ ಗಟ್ಟಿಯಾಗಿರಲು ಇದೇ ಕಾರಣ.

ಎಂಜಿನ್ನನ್ನು ತಣ್ಣಗಿಡುವ ಏರ್ಪಾಟನ್ನು ನೋಡಿ. ಆಸ್ಟಿನ್ನಿನಲ್ಲಿ ನೀರಿನ ಪಂಪು ಕೂಡ ಇಲ್ಲ. ಎಂಜಿನ್ನಿನ ಸುತ್ತ ಬಿಸಿಯಾದ ನೀರು ಹಗುರಾಗಿ ಮೇಲೇರಿ ರೇಡಿಯೇಟರಿಗೆ ಹೋಗುತ್ತದೆ. ಅಲ್ಲಿ ತಣಿದು ಭಾರವಾಗಿ ಕೆಳಗಿಳಿದು ಮತ್ತೆ ಎಂಜಿನ್ನಿಗೆ ಬರುತ್ತದೆ. ನಮ್ಮ ಮನೆಗಳ ತಾರಸಿಯ ಮೇಲಿನ ಸಾಮಾನ್ಯ ಸೋಲಾರ್ ಹೀಟರಿನಲ್ಲಿ ನೀರು ತಿರುಗುವುದೂ ಹೀಗೆಯೇ. ರೇಡಿಯೇಟರಿನಲ್ಲಿ ನೀರಿನ ಮಟ್ಟ ಮೇಲಿನ ಕೊಳವೆಗಿಂತ ಕೆಳಗಿಳಿದರೆ ಈ ಸುತ್ತು ಕಡಿದುಹೋಗುತ್ತದೆ, ನೀರು ಕುದಿಯುತ್ತದೆ. ಹೊರಡುವ ಮೊದಲು ಮುಚ್ಚಳ ತೆಗೆದು ನೋಡುವ ಅಭ್ಯಾಸ ಅದಕ್ಕೇ. ಆದರೆ ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯುವ ಸಾಹಸ ಮಾತ್ರ ಯಾರಿಗೂ ಬೇಡ.

ಹೊಸ ಕಾಲದ ಹೊಸ ತೊಂದರೆಗಳೂ ಇವೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಬಗೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಅಲ್ಲಿನ ಹಳೆಯ ಕಾರಿನವರು ಪೆಟ್ರೋಲ್ ಕೊಳವೆಗಳನ್ನು ಬದಲಿಸಿಕೊಳ್ಳಬೇಕಾಯಿತು. ಕಾರು ಹಳೆಯದಾದರೂ ರಸಾಯನಶಾಸ್ತ್ರ ಹೊಸದಾಗಿ ಓದಬೇಕು!

ಬಿರುಕು ಹುಡುಕುವ ಅಯಸ್ಕಾಂತ

ಆಸ್ಟಿನ್ನಿನ ದೊಡ್ಡ ದೌರ್ಬಲ್ಯ ಅದರ ಕ್ರ್ಯಾಂಕ್ ಷಾಫ್ಟು. ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಸುತ್ತುವ ಓಟವಾಗಿ ಬದಲಿಸುವ ಈ ದಂಡಕ್ಕೆ ಎರಡು ತುದಿಯಲ್ಲಿ ಮಾತ್ರ ಆಸರೆ, ನಡುವೆ ಇಲ್ಲ. ಹುಡುಗಿಯರು ಸ್ಕಿಪ್ಪಿಂಗ್ ಆಡುವಾಗ ಹಗ್ಗದ ನಡುಭಾಗ ಹೊರಕ್ಕೆ ಉಬ್ಬುವಂತೆ, ವೇಗ ಹೆಚ್ಚಿದಾಗ ಈ ಉಕ್ಕಿನ ದಂಡವೂ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಬಾಗಿದ ಲೋಹಕ್ಕೆ ಆಯಾಸವಾಗುತ್ತದೆ. ಕೂದಲೆಳೆಯಂಥ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ದಂಡ ತುಂಡಾಗುತ್ತದೆ.

ಕಣ್ಣಿಗೆ ಕಾಣದ ಬಿರುಕನ್ನು ಹುಡುಕುವುದು ಹೇಗೆ? ಶಾಲೆಯಲ್ಲಿ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ ಅಡಿಯಲ್ಲಿ ಅಯಸ್ಕಾಂತ ಹಿಡಿದ ಪ್ರಯೋಗ ನೆನಪಿದೆಯೆ? ಅದೇ ಉಪಾಯ! ದಂಡವನ್ನು ಕಾಂತೀಕರಿಸಿ, ಕಬ್ಬಿಣದ ನುಣ್ಣನೆಯ ಪುಡಿ ಬೆರೆಸಿದ ದ್ರವವನ್ನು ಅದರ ಮೇಲೆ ಸುರಿಯುತ್ತಾರೆ. ಬಿರುಕಿದ್ದಲ್ಲಿ ಕಾಂತರೇಖೆಗಳು ಹೊರಕ್ಕೆ ಸೋರುತ್ತವೆ. ಪುಡಿ ಅಲ್ಲಿಗೇ ಓಡಿ ಗೆರೆಯಾಗಿ ನಿಲ್ಲುತ್ತದೆ. ವಿಮಾನದ, ರೈಲಿನ ಉಕ್ಕಿನ ಭಾಗಗಳನ್ನು ಪರೀಕ್ಷಿಸುವುದಕ್ಕೂ ಇದೇ ವಿಧಾನವನ್ನು ಬಳಸುತ್ತಾರೆ.

ರಿಪೇರಿ ಎಂದರೆ ಬರೀ ಬಿಚ್ಚಿ ಜೋಡಿಸುವುದಲ್ಲ. ಎಂಜಿನ್ ನಿಂತರೆ ಮೂರು ಪ್ರಶ್ನೆ: ಪೆಟ್ರೋಲ್ ಬರುತ್ತಿದೆಯೆ? ಕಿಡಿ ಹಾರುತ್ತಿದೆಯೆ? ಗಾಳಿ ಒಳಗೆ ಅದುಮುತ್ತಿದೆಯೆ? ಒಂದೊಂದನ್ನೇ ಪರೀಕ್ಷಿಸಿ, ಸರಿ ಇದ್ದುದನ್ನು ಕೈಬಿಟ್ಟು, ಉಳಿದುದನ್ನು ಬೆನ್ನಟ್ಟಬೇಕು. ಒಂದೇ ಸಲ ಮೂರು ಕಡೆ ಕೈ ಹಾಕಿದರೆ ಕಾರು ಸರಿಹೋದರೂ ಕಾರಣ ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಎಂದು ಮಕ್ಕಳಿಗೆ ಹೇಳುವ ನಿಯಮವೂ ಇದೇ ಅಲ್ಲವೆ?

ಕೆಸರಿನ ಗುಡ್ಡ, ಕೈಯಲ್ಲಿ ಗಡಿಯಾರ

ಹತ್ತು ಅಶ್ವಶಕ್ತಿಯ ಕಾರಿಗೆ ಎಂಥ ಸ್ಪರ್ಧೆ ಎನ್ನಬೇಡಿ. ಬ್ರಿಟನ್ನಿನ ಹಳೆಯ ಕಾರುಗಳ ಕ್ಲಬ್ಬುಗಳು ಚಳಿಗಾಲದಲ್ಲಿ ‘ಟ್ರಯಲ್’ ಎಂಬ ಸ್ಪರ್ಧೆ ನಡೆಸುತ್ತವೆ. ಕೆಸರು ತುಂಬಿದ ಗುಡ್ಡದ ದಾರಿಯಲ್ಲಿ ಅಂಕ ಬರೆದ ಗೂಟಗಳನ್ನು ನೆಟ್ಟಿರುತ್ತಾರೆ. ಕಾರು ನಿಲ್ಲದೆ ಎಷ್ಟು ಮೇಲೆ ಹತ್ತಿತೋ ಅಷ್ಟು ಅಂಕ. ವೇಗಕ್ಕೆ ಬೆಲೆಯಿಲ್ಲ. ಚಕ್ರ ಜಾರತೊಡಗಿದಾಗ ಪಕ್ಕದಲ್ಲಿ ಕೂತ ಸಂಗಾತಿ ಆಸನದ ಮೇಲೆ ಕುಪ್ಪಳಿಸುತ್ತಾನೆ! ನೋಡಿದವರಿಗೆ ನಗು ಬರುತ್ತದೆ. ಆದರೆ ನೆಲವನ್ನು ಒತ್ತುವ ಬಲ ಹೆಚ್ಚಿದಾಗ ಘರ್ಷಣೆಯೂ ಹೆಚ್ಚುತ್ತದೆ ಎಂಬ ನಿಯಮವನ್ನು ಆತ ಮೈಯಿಂದಲೇ ಬರೆಯುತ್ತಿದ್ದಾನೆ. ಹಗುರವಾದ ಆಸ್ಟಿನ್ ಇಲ್ಲಿ ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕುವುದುಂಟು.

ಬೇಸಿಗೆಯಲ್ಲಿ ಗ್ಲಾಸ್ಟರ್‌ಷೈರಿನ ಪ್ರೆಸ್ಕಾಟ್ ಗುಡ್ಡದಂಥ ಕಡೆ ಇನ್ನೊಂದು ಬಗೆಯ ಸ್ಪರ್ಧೆ. ಸುಮಾರು ಒಂದು ಕಿಲೋಮೀಟರ್ ಏರು ದಾರಿ. ಒಂದು ಸಲಕ್ಕೆ ಒಂದೇ ಕಾರು. ಎದುರಾಳಿ ಗಡಿಯಾರ. ಬೆಳಗಿನ ಓಟಕ್ಕಿಂತ ಮಧ್ಯಾಹ್ನದ ಓಟ ಅರ್ಧ ಸೆಕೆಂಡು ಕಡಿಮೆಯಾದರೆ ಚಾಲಕನಿಗೆ ಹಬ್ಬ. ಸ್ಪರ್ಧೆ ಮುಗಿಸಿ ಅದೇ ಕಾರಿನಲ್ಲಿ ಮನೆಗೆ ಮರಳುವವರೂ ಇದ್ದಾರೆ. ಕಾರನ್ನು ಮಿತಿಮೀರಿ ಹಿಂಡಿದವನು ಆ ಸಂಜೆ ದಾರಿಯಲ್ಲಿ ಕೂರಬೇಕಾಗುತ್ತದೆ!

ಕಾಲು ಕುಂಟುತ್ತಿದ್ದ ಹುಡುಗ

ಈ ಪುಟ್ಟ ಕಾರು ಒಬ್ಬ ಹುಡುಗನ ಬದುಕನ್ನೇ ತಿರುಗಿಸಿದ ಕಥೆಯೊಂದಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಲೆಸ್ ಮೆಕ್ಲಾರೆನ್ ಎಂಬವರು ಪೆಟ್ರೋಲ್ ಬಂಕು ಮತ್ತು ರಿಪೇರಿ ಗ್ಯಾರೇಜು ನಡೆಸುತ್ತಿದ್ದರು. 1937ರಲ್ಲಿ ಹುಟ್ಟಿದ ಅವರ ಮಗ ಬ್ರೂಸ್‌ಗೆ ಎಳೆಯ ವಯಸ್ಸಿನಲ್ಲೇ ಸೊಂಟದ ಕೀಲಿಗೆ ಪರ್ಥಿಸ್ ಎಂಬ ರೋಗ ಬಂತು. ಸುಮಾರು ಎರಡು ವರ್ಷ ಅವನು ಹಾಸಿಗೆಯಲ್ಲಿ ಮಲಗಿಯೇ ಕಳೆಯಬೇಕಾಯಿತು. ರೋಗ ವಾಸಿಯಾದರೂ ಎಡಗಾಲು ಗಿಡ್ಡವಾಗಿ ಉಳಿಯಿತು.

ಲೆಸ್ 1929ರ ಮಾದರಿಯ ಆಸ್ಟಿನ್ ಸೆವೆನ್ ಅಲ್‌ಸ್ಟರ್ ಕಾರೊಂದನ್ನು ತಂದರು. ತಂದದ್ದು ಕಾರಲ್ಲ, ಬಿಚ್ಚಿದ ಭಾಗಗಳು! ಅಪ್ಪ ಮಗ ಸೇರಿ ಅದನ್ನು ಜೋಡಿಸಿದರು. 1952ರಲ್ಲಿ ಇನ್ನೂ ಶಾಲಾ ಬಾಲಕನಾಗಿದ್ದ ಬ್ರೂಸ್ ಅದೇ ಕಾರಿನಲ್ಲಿ ಮುರಿವಾಯ್ ಎಂಬಲ್ಲಿ ಗುಡ್ಡ ಹತ್ತುವ ಸ್ಪರ್ಧೆಗೆ ಇಳಿದ. ಏಳು ವರ್ಷಗಳ ನಂತರ, 1959ರಲ್ಲಿ, 22ನೆಯ ವಯಸ್ಸಿಗೆ ಅವನು ಅಮೆರಿಕದ ಗ್ರ್ಯಾನ್ ಪ್ರಿ ಗೆದ್ದ. 1963ರಲ್ಲಿ ತನ್ನದೇ ರೇಸಿಂಗ್ ತಂಡ ಕಟ್ಟಿದ. ಇಂದಿನ ಫಾರ್ಮುಲಾ ಒನ್ ಓಟಗಳಲ್ಲಿ ಕೇಳಿಬರುವ ಮೆಕ್ಲಾರೆನ್ ಎಂಬ ಹೆಸರು ಆ ಹುಡುಗನದೇ. ಅವನ ಮೊದಲ ಆಸ್ಟಿನ್ನನ್ನು ಕಂಪನಿ ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ.

ಕಥೆಯ ಕೊನೆಯನ್ನೂ ಮುಚ್ಚಿಡಬಾರದು. 1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್ ಪಥದಲ್ಲಿ ಹೊಸ ರೇಸ್ ಕಾರನ್ನು ಪರೀಕ್ಷಿಸುತ್ತಿದ್ದಾಗ ಕಾರಿನ ಹಿಂಭಾಗದ ಹೊದಿಕೆ ಕಳಚಿತು. ಸ್ಥಿರತೆ ತಪ್ಪಿದ ಕಾರು ಅಪ್ಪಳಿಸಿ ಬ್ರೂಸ್ ತೀರಿಕೊಂಡ. ವಯಸ್ಸು 32. ಯಂತ್ರ ಯಾರ ಹೆಸರನ್ನೂ ನೋಡುವುದಿಲ್ಲ. ನೂರು ಬೋಲ್ಟು ಬಿಗಿಯಿದ್ದು ಒಂದು ಸಡಿಲವಿದ್ದರೆ ಅದಕ್ಕೆ ಆ ಒಂದೇ ಲೆಕ್ಕ. ಹಳೆಯ ಕಾರಿನಲ್ಲಿ ಸೀಟ್ ಬೆಲ್ಟ್ ಇಲ್ಲ, ಗಾಳಿ ಚೀಲವಿಲ್ಲ, ಹೊಗೆಯನ್ನು ಶುದ್ಧಗೊಳಿಸುವ ಸಾಧನವೂ ಇಲ್ಲ. ಇಂದಿನ ಕಾರು ಅದಕ್ಕಿಂತ ಎಷ್ಟೋ ಕ್ಷೇಮ ಎಂಬುದನ್ನು ಮರೆತು ಹಳೆಯದನ್ನು ಹೊಗಳುವುದು ಜಾಣತನವಲ್ಲ.

ಮನೆಯಲ್ಲೇ ಒಂದು ಗ್ಯಾರೇಜು

ಹಾಗಾದರೆ ಹಳೆಯ ಕಾರಿನ ಹೆಚ್ಚುಗಾರಿಕೆ ಏನು? ಅದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ನೀರು ಏಕೆ ಮೇಲೇರಿತು, ಕಿಡಿ ಏಕೆ ಹಾರಿತು, ತಂತಿ ಏಕೆ ಸಡಿಲವಾಯಿತು ಎಂದು ಬೆರಳಿಟ್ಟು ತೋರಿಸಬಹುದು. ಇಂದಿನ ಕಾರಿನ, ಮೊಬೈಲಿನ, ಟಿ.ವಿ.ಯ ಒಳಗು ಮುಚ್ಚಿದ ಪೆಟ್ಟಿಗೆ. ಕೆಟ್ಟರೆ ಎಷ್ಟೋ ಸಲ ಆ ಪೆಟ್ಟಿಗೆಯನ್ನೇ ಬದಲಿಸುತ್ತಾರೆ. ಬದಲಿಸಿದರೆ ಕೆಲಸ ನಡೆಯುತ್ತದೆ, ಕಾರಣ ತಿಳಿಯುವುದಿಲ್ಲ. ಕಾರಣ ಕೇಳದೆ ಬೆಳೆದ ಮಕ್ಕಳು ಸೂತ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮಾರನೆಯ ದಿನ ಮರೆತರೆ ಅದರಲ್ಲಿ ಆಶ್ಚರ್ಯವೇನು?

ವಿಂಟೇಜ್ ಕಾರು ಎಲ್ಲರಿಗೂ ಎಟುಕದು. ಆದರೆ ಮನೆಯ ಮೂಲೆಯಲ್ಲಿ ಒಂದು ಹಳೆಯ ಸೈಕಲ್ ಇದ್ದೇ ಇರುತ್ತದೆ. ಮುಂದಿನ ಭಾನುವಾರ ಅದರ ಮುಂಗಾಲಿಯನ್ನು ಮಗ ಅಥವಾ ಮಗಳು ಬಿಚ್ಚಲಿ. ಅಪ್ಪ ಅಮ್ಮ ‘ಕೈ ಕೊಳೆಯಾಗುತ್ತೆ, ಹೋಗಿ ಓದ್ಕೊ’ ಎನ್ನದೆ ಪಕ್ಕದಲ್ಲಿ ಕೂರಲಿ. ನೆಲದ ಮೇಲೆ ಹಳೆಯ ಪತ್ರಿಕೆಯ ಹಾಳೆ ಹರಡಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಬೇಕು. ಬಾಲುಗಳನ್ನು ಎಣಿಸಿ ಬರೆದುಕೊಳ್ಳಬೇಕು. ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು, ಹೊಸ ಗ್ರೀಸು ತುಂಬಿ, ಅದೇ ಕ್ರಮದಲ್ಲಿ ಹಿಂದುಮುಂದಾಗಿ ಜೋಡಿಸಬೇಕು. ಮೊದಲ ಸಲ ಒಂದು ಬಾಲು ಉಳಿದೇ ಉಳಿಯುತ್ತದೆ! ಬೈಯಬೇಡಿ. ಇನ್ನೊಮ್ಮೆ ಬಿಚ್ಚಲು ಹೇಳಿ.

ಎಲ್ಲ ಬಾಲುಗಳೂ ಒಳಗೆ ಕೂತು, ನಟ್ಟುಗಳು ಬಿಗಿಯಾಗಿ, ದೊಡ್ಡವರೊಬ್ಬರು ಒಮ್ಮೆ ನೋಡಿದ ಮೇಲೆ ಮಗು ಸೈಕಲ್ಲನ್ನು ಬೀದಿಗಿಳಿಸಲಿ. ‘ಇದು ಈಗಲೂ ಓಡುತ್ತಾ?’ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ಆ ಮಗುವೇ ಇದೆ.